ಮಾಲ್ಟಾದ ಕಾತೇನಾ ಕೌಂಟರ ಮನೆತನ: ಪದೇ ಪದೇ ಕೇಳುವ ಪ್ರಶ್ನೆಗಳು

ಬೊಲೊನ್ಯಾ, ಷಿಬೆರ್ರಾಸ್, ಸ್ಟ್ರಿಕ್‌ಲ್ಯಾಂಡ್ ಎಂದು ಒಂದೊಂದು ಕಡೆ ಒಂದೊಂದು ಹೆಸರು ಕಾಣುತ್ತದೆ. ಇವರೆಲ್ಲ ಒಂದೇ ಮನೆತನದವರೇ?

ಹೌದು, ಒಂದೇ ಮನೆತನದವರು. ಆದರೆ ಈ ಮನೆತನವನ್ನು ಅಡ್ಡಹೆಸರಿನಿಂದ ಗುರುತಿಸಲು ಹೊರಟರೆ ದಾರಿ ತಪ್ಪುವುದು ಖಂಡಿತ. ಇವರನ್ನು ಗುರುತಿಸಬೇಕಾದದ್ದು ‘ಕೌಂಟ್ ಡೆಲ್ಲಾ ಕಾತೇನಾ’ ಎಂಬ ಪದವಿಯಿಂದ. 1745ರಲ್ಲಿ ಈ ಪದವಿಯನ್ನು ಮೊದಲು ಪಡೆದವರು ಪಿಯೆತ್ರೊ ಗಯೆತಾನೊ ಪೆರ್ದಿಕೊಮಾತಿ ಬೊಲೊನ್ಯಾ. ಐದನೆಯ ಕೌಂಟ್ ಆಗುವ ಹೊತ್ತಿಗೆ ಹೆಸರು ಷಿಬೆರ್ರಾಸ್ ಬೊಲೊನ್ಯಾ ಎಂದಾಗಿತ್ತು. ಆರನೆಯ ಕೌಂಟ್ ಜೆರಾಲ್ಡ್ ಸ್ಟ್ರಿಕ್‌ಲ್ಯಾಂಡ್, ಏಳನೆಯವರು ಹಾರ್ನಿಯೋಲ್ಡ್ ಸ್ಟ್ರಿಕ್‌ಲ್ಯಾಂಡ್. ಹೆಸರು ಹೀಗೆ ಬದಲಾದಾಗಲೆಲ್ಲ ಅದರ ಹಿಂದೆ ಒಬ್ಬ ಹೆಣ್ಣುಮಗಳ ಮದುವೆಯೋ, ಹೆಣ್ಣಿನ ಕಡೆಯಿಂದ ಬಂದ ಉತ್ತರಾಧಿಕಾರವೋ ಇದ್ದಿರಬೇಕೆಂದು ಊಹಿಸಿದರೆ ಹೆಚ್ಚು ತಪ್ಪಾಗುವುದಿಲ್ಲ. ಈ ಮನೆತನದ ಏಳಿಗೆಯನ್ನು ಬರೆದವರು ಸಾಮಾನ್ಯವಾಗಿ ಜೆರಾಲ್ಡ್ ಎಂಬ ಒಬ್ಬ ಗಂಡಸಿನ ಸುತ್ತ ಸುತ್ತುತ್ತಾರೆ. ನನ್ನ ಓದಿಗೆ ದಕ್ಕಿದಂತೆ, ಮನೆತನವನ್ನು ಎರಡು ಶತಮಾನ ಹೊತ್ತು ನಡೆದವರು ಹೆಣ್ಣುಮಕ್ಕಳು. ಈ ಪುಟದ ಉತ್ತರಗಳನ್ನು ಆ ದೃಷ್ಟಿಯಿಂದಲೇ ಬರೆದಿದ್ದೇನೆ.

ಮಾಲ್ಟಾದಂಥ ಪುಟ್ಟ ದ್ವೀಪದಲ್ಲಿ ಕೌಂಟ್, ಬ್ಯಾರನ್, ಮಾರ್ಕಿಸ್ ಎಂಬ ಪದವಿಗಳು ಹುಟ್ಟಿದ್ದು ಹೇಗೆ?

ಮಾಲ್ಟಾ, ಗೋಝೊ ಮತ್ತು ಕಿರುದ್ವೀಪಗಳೆಲ್ಲ ಸೇರಿದರೂ ನೆಲದ ವಿಸ್ತಾರ ಸುಮಾರು 316 ಚದರ ಕಿಲೋಮೀಟರ್. ಅಷ್ಟರಲ್ಲೇ ಎರಡು ಬಗೆಯ ಕುಲೀನರಿದ್ದರು. ಮೊದಲನೆಯ ಬಗೆಯವರು ಸಿಸಿಲಿಯ ರಾಜರಿಂದ ಜಹಗೀರು ಪಡೆದವರು. ಇವುಗಳಲ್ಲಿ ಅತ್ಯಂತ ಹಳೆಯದು 1350ರ ಜಾರ್ ಇಲ್-ಬ್ನಿಯೆಟ್ ಬ್ಯಾರನ್ ಪದವಿ, ಮುಂದೆ ಇಂಗ್ವಾನೆಜ್ ಮನೆತನಕ್ಕೆ ಸೇರಿದ್ದು. ಇಂಥವರು ಹಳೆಯ ರಾಜಧಾನಿ ಇಮ್ದಿನಾದ ಕೋಟೆಗೋಡೆಯೊಳಗೆ, ಇಕ್ಕಟ್ಟಾದ ಬೀದಿಗಳ ಅರಮನೆಗಳಲ್ಲಿ ವಾಸವಾಗಿದ್ದರು.

ಎರಡನೆಯ ಬಗೆಯವರು ಬಹಳ ತಡವಾಗಿ ಬಂದರು. 1530ರಲ್ಲಿ ಚಕ್ರವರ್ತಿ ಐದನೆಯ ಚಾರ್ಲ್ಸ್ ದ್ವೀಪಗಳನ್ನು ಸಂತ ಜಾನ್ ಸಂಘವೆಂಬ ಕ್ಯಾಥೊಲಿಕ್ ಯೋಧಸಂಘದ ನೈಟ್‌ಗಳಿಗೆ ವಹಿಸಿಕೊಟ್ಟ ಮೇಲೆ, ಆಳುವ ಅಧಿಕಾರ ಸಂಘದ ಮುಖ್ಯಸ್ಥನಾದ ಗ್ರಾಂಡ್ ಮಾಸ್ಟರನ ಕೈಸೇರಿತು. ಆದರೂ ಗ್ರಾಂಡ್ ಮಾಸ್ಟರರು ಪದವಿಗಳನ್ನು ಹಂಚುವ ರೂಢಿ ಆರಂಭವಾದದ್ದು ಹದಿನೆಂಟನೆಯ ಶತಮಾನದಲ್ಲಿ. ಕಾತೇನಾ ಪದವಿ ಈ ಎರಡನೆಯ ಗುಂಪಿಗೆ ಸೇರಿದ್ದು. ಇಂಗ್ವಾನೆಜರಂಥ ಹಳಬರ ಕಣ್ಣಿಗೆ ಬೊಲೊನ್ಯಾಗಳು ನಿನ್ನೆ ಮೊನ್ನೆ ಮೇಲೆ ಬಂದವರು.

ಪಿಂಟೊ ಈ ಪದವಿ ಕೊಟ್ಟದ್ದೇಕೆ?

ಮನುಯೆಲ್ ಪಿಂಟೊ ಡ ಫೊನ್ಸೆಕಾ 1741ರಿಂದ 1773ರವರೆಗೆ, ಮೂವತ್ತೆರಡು ವರ್ಷ ಗ್ರಾಂಡ್ ಮಾಸ್ಟರ್ ಆಗಿದ್ದವರು. ಕಾಗದದ ಮೇಲೆ ಅವರು ಒಂದು ಧಾರ್ಮಿಕ ಸಂಘದ ಮುಖ್ಯಸ್ಥರಷ್ಟೇ, ಆದರೆ ತಮ್ಮ ಲಾಂಛನದ ಮೇಲೆ ರಾಜರು ಮಾತ್ರ ಧರಿಸುವಂಥ ಮುಚ್ಚಿದ ಕಿರೀಟವನ್ನು ಕೆತ್ತಿಸಿಕೊಂಡರು. ಈಗಿನ ರಾಜಧಾನಿ ವಲ್ಲೆಟ್ಟಾದ ಕಟ್ಟಡಗಳ ಹೆಬ್ಬಾಗಿಲುಗಳ ಮೇಲೆ ಆ ಕಿರೀಟ ಇಂದಿಗೂ ಕಾಣಸಿಗುತ್ತದೆ. ಪದವಿ ಕೊಡುವುದು ಸಾರ್ವಭೌಮನ ಹಕ್ಕು. ಆದ್ದರಿಂದ ಪದವಿ ಕೊಟ್ಟರೆ ತಾನು ಸಾರ್ವಭೌಮನೆಂದು ಸಾರಿದಂತೆಯೇ ಆಗುತ್ತದೆ. ಪಡೆದವನಿಗೆ ಗೌರವ, ಕೊಟ್ಟವನಿಗೆ ರಾಜತ್ವದ ಸಾಕ್ಷಿ. ಇಬ್ಬರಿಗೂ ಲಾಭವಿದ್ದ ವ್ಯವಹಾರ ಇದು.

ಮಾಲ್ಟಾದ ಕುಲೀನರು ತಾವೇ ನೈಟ್‌ಗಳಾಗಬಹುದಿತ್ತಲ್ಲ?

ಆಗುವಂತಿರಲಿಲ್ಲ. ಸಂಘದ ಪೂರ್ಣ ಅಧಿಕಾರವುಳ್ಳ ‘ನ್ಯಾಯದ ನೈಟ್’ ಎಂಬ ವರ್ಗಕ್ಕೆ ಫ್ರಾನ್ಸ್, ಇಟಲಿ, ಸ್ಪೇನ್ ಮೊದಲಾದ ಕಡೆಯ ಕುಲೀನರ ಮಕ್ಕಳಿಗೆ ಪ್ರವೇಶವಿತ್ತು. ದ್ವೀಪದಲ್ಲೇ ಹುಟ್ಟಿದ ಕುಲೀನನಿಗೆ ಆ ಬಾಗಿಲು ಮುಚ್ಚಿತ್ತು. ತನ್ನ ಊರಿನಲ್ಲೇ ಎರಡನೆಯ ದರ್ಜೆಯವನಾಗಿ ಬಾಳಬೇಕಾದ ಈ ಸ್ಥಿತಿಯಲ್ಲಿ, ಮೇಲೇರಲು ಉಳಿದಿದ್ದ ದಾರಿಗಳು ಮೂರು: ಗ್ರಾಂಡ್ ಮಾಸ್ಟರನ ಆಡಳಿತದಲ್ಲಿ ಕಾನೂನು ಬಲ್ಲ ಅಧಿಕಾರಿಯಾಗುವುದು, ಭಾಗವಾಗದಂತೆ ಕಟ್ಟುಪಾಡು ಹಾಕಿದ ಆಸ್ತಿಯನ್ನು ಕೂಡಿಸುವುದು, ಮತ್ತು ಲೆಕ್ಕಾಚಾರದ ಮದುವೆ. ಕಾತೇನಾ ಮನೆತನದಲ್ಲಿ ಈ ಮೂರೂ ಒಂದೇ ತಲೆಮಾರಿನಲ್ಲಿ ಕೂಡಿಬಂದವು.

ಆ ಕೂಡುವಿಕೆ ಎಲ್ಲಿ ಕಾಣುತ್ತದೆ?

ಅತ್ತಾರ್ಡ್ ಎಂಬ ಊರಿನ ವಿಲ್ಲಾ ಬೊಲೊನ್ಯಾದಲ್ಲಿ. ಅದನ್ನು ಕಟ್ಟಿಸಿದವರು ಬೊಲೊನ್ಯಾಗಳಲ್ಲ, ಅವರ ಬೀಗರು. ಫಾಬ್ರಿತ್ಸಿಯೊ ಗ್ರೆಕ್ ಎಂಬುವರು ಪಿಂಟೊ ಬಳಿ ‘ಉದಿತೋರೆ’, ಎಂದರೆ ಗ್ರಾಂಡ್ ಮಾಸ್ಟರನ ಮುಂದೆ ಬಂದ ಅರ್ಜಿ, ವ್ಯಾಜ್ಯಗಳನ್ನು ಕೇಳಿ ಸಲಹೆ ಕೊಡುವ ಕಾನೂನು ಅಧಿಕಾರಿ. ಅಧಿಕಾರ ಇತ್ತು, ಹಣವೂ ಇತ್ತು, ಪದವಿ ಮಾತ್ರ ಇರಲಿಲ್ಲ. ಅತ್ತ ಬೊಲೊನ್ಯಾಗಳಿಗೆ ಹೊಸದಾಗಿ ಪದವಿ ಬಂದಿತ್ತು. ಗ್ರೆಕ್ ತಮ್ಮ ಮಗಳು ಮರಿಯಾ ತೆರೇಸಾಳನ್ನು ಮೊದಲ ಕೌಂಟನ ಮಗ ನಿಕೊಲೊಗೆ ಕೊಟ್ಟು, ವರದಕ್ಷಿಣೆಯಾಗಿ ಈ ಮಹಲನ್ನು ಕಟ್ಟಿಸಿದರು. ಹೀಗೆ ಸೊಸೆ ತಂದ ಮನೆಗೆ ಗಂಡನ ಮನೆಯವರ ಹೆಸರು ಅಂಟಿಕೊಂಡಿತು.

ಮಹಲು ಇರುವ ಜಾಗವೂ ಗಮನಿಸಬೇಕಾದದ್ದು. ಅತ್ತಾರ್ಡ್ ಎಂದರೆ ಗ್ರಾಂಡ್ ಮಾಸ್ಟರರ ಬೇಸಿಗೆಯ ಅರಮನೆ ಸ್ಯಾನ್ ಆಂಟನ್ ಇರುವ ಊರು. ಇಂದು ಅಲ್ಲಿ ಮಾಲ್ಟಾದ ರಾಷ್ಟ್ರಾಧ್ಯಕ್ಷರ ನಿವಾಸವಿದೆ. ಆಳುವವನ ಅರಮನೆಯ ಹತ್ತಿರದಲ್ಲೇ, ಅದೇ ಜೇನುಬಣ್ಣದ ಸುಣ್ಣಕಲ್ಲಿನಲ್ಲಿ, ಎತ್ತರದ ಗೋಡೆಯ ಹಿಂದೆ ತೋಟವುಳ್ಳ ಇಂಥ ಮನೆ ಎದ್ದಿತೆಂದರೆ, ಊರವರಿಗೆ ಆ ಮದುವೆಯ ಅರ್ಥವನ್ನು ಬೇರೆ ಬಿಡಿಸಿ ಹೇಳಬೇಕಾಗಿರಲಿಲ್ಲ.

1798ರಲ್ಲಿ ನೆಪೋಲಿಯನ್ ಬಂದಾಗ ಈ ಪದವಿಗಳ ಗತಿ ಏನಾಯಿತು?

ಆ ವರ್ಷದ ಜೂನ್‌ನಲ್ಲಿ ನೆಪೋಲಿಯನ್ ಈಜಿಪ್ಟಿಗೆ ಹೋಗುವ ದಾರಿಯಲ್ಲಿ ಮಾಲ್ಟಾವನ್ನು ವಶಪಡಿಸಿಕೊಂಡು, ಕುಲೀನ ಪದವಿಗಳನ್ನು ರದ್ದುಮಾಡಿ, ಮನೆಗಳ ಮೇಲಿನ ಲಾಂಛನಗಳನ್ನು ಕೆತ್ತಿ ತೆಗೆಯುವಂತೆ ಆಜ್ಞೆ ಹೊರಡಿಸಿದರು. ವಾರ ಕಳೆಯುವಷ್ಟರಲ್ಲಿ ಅವರು ಮುಂದಕ್ಕೆ ಹೊರಟರು. ಬಿಟ್ಟುಹೋದ ಫ್ರೆಂಚ್ ಪಡೆಯ ವಿರುದ್ಧ ಮಾಲ್ಟಾದವರು ದಂಗೆಯೆದ್ದು, 1800ರಲ್ಲಿ ಬ್ರಿಟಿಷರ ಆಡಳಿತ ಬಂತು. ಪದವಿಗಳು ಮತ್ತೆ ಬಳಕೆಗೆ ಬಂದವು, ಆದರೆ ಯಾರದು ಅಸಲಿ, ಯಾರದು ಬರೀ ಹೇಳಿಕೆ ಎಂಬ ಗೊಂದಲ ಬಹುಕಾಲ ಉಳಿಯಿತು. ಕೊನೆಗೆ 1870ರ ದಶಕದ ಕೊನೆಯಲ್ಲಿ ಬ್ರಿಟಿಷ್ ಸರ್ಕಾರ ಆಯೋಗವೊಂದನ್ನು ನೇಮಿಸಿ ಹಕ್ಕುಗಳನ್ನು ಪರಿಶೀಲಿಸಿತು. ಒಪ್ಪಿತವಾದ ಪದವಿಗಳಲ್ಲಿ ಕಾತೇನಾ ಕೂಡ ಒಂದು.

ಗಾಳಿ ಬಂದ ಕಡೆ ತೂರಿಕೊಳ್ಳುವ ಜಾಣ್ಮೆ ಈ ಮನೆಯವರಿಗೆ ಚೆನ್ನಾಗಿತ್ತು. ಐದನೆಯ ಕೌಂಟ್ ನಿಕೊಲಾಸ್ ಷಿಬೆರ್ರಾಸ್ ಬೊಲೊನ್ಯಾ ಅವರ ಹೆಸರಿನ ಹಿಂದೆ ಆಗಲೇ ಬ್ರಿಟಿಷರು ಕೊಟ್ಟ ‘ಸರ್’ ಸೇರಿತ್ತು.

ಇಂಗ್ಲಿಷ್ ಹೆಸರು ಬಂದದ್ದು ಯಾವಾಗ?

ಸರ್ ನಿಕೊಲಾಸ್ ಅವರ ಸೋದರ ಸಂಬಂಧದ ಮಗಳೂ ಉತ್ತರಾಧಿಕಾರಿಣಿಯೂ ಆಗಿದ್ದ ಲೂಯಿಸಾ ಬೊನ್ನಿಚಿ ಮೊಂಪಾಲಾವ್, ವಾಲ್ಟರ್ ಸ್ಟ್ರಿಕ್‌ಲ್ಯಾಂಡ್ ಎಂಬ ಬ್ರಿಟಿಷ್ ನೌಕಾಪಡೆಯ ಅಧಿಕಾರಿಯನ್ನು ಮದುವೆಯಾದರು. ವಲ್ಲೆಟ್ಟಾ ಆಗ ಬ್ರಿಟಿಷರ ಮೆಡಿಟರೇನಿಯನ್ ನೌಕಾಪಡೆಯ ನೆಲೆಯಾಗಿತ್ತು. ಹಡಗಿನ ಅಧಿಕಾರಿಗಳೂ ಊರಿನ ದೊಡ್ಡ ಮನೆತನಗಳೂ ನೃತ್ಯಕೂಟಗಳಲ್ಲಿ, ಗವರ್ನರರ ಅರಮನೆಯಲ್ಲಿ ಭೇಟಿಯಾಗುವುದು ಸಹಜವಾಗಿತ್ತು. ಈ ದಂಪತಿಗಳ ಹಿರಿಯ ಮಗ ಜೆರಾಲ್ಡ್ 1861ರ ಮೇ 24ರಂದು ವಲ್ಲೆಟ್ಟಾದಲ್ಲಿ ಹುಟ್ಟಿದರು. 1875ರಲ್ಲಿ, ಹದಿನಾಲ್ಕರ ವಯಸ್ಸಿನಲ್ಲಿ, ಸರ್ ನಿಕೊಲಾಸ್ ಅವರಿಂದ ಪದವಿ ಅವರಿಗೆ ಬಂತು.

ಬಂತು ಎಂದಷ್ಟೇ ಹೇಳಿದರೆ ಸುಲಭವಾಗಿ ಬಂದಂತೆ ಕೇಳಿಸುತ್ತದೆ. ಉತ್ತರಾಧಿಕಾರದ ವ್ಯಾಜ್ಯ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೂ ಹೋಗಿ, 1882ರಲ್ಲಿ ಸ್ಟ್ರಿಕ್‌ಲ್ಯಾಂಡರ ಪರವಾಗಿ ತೀರ್ಮಾನವಾಯಿತು. ಮುಂದೆ ಜೀವನವಿಡೀ ದಾವೆ, ಅಹವಾಲು, ಪತ್ರವ್ಯವಹಾರಗಳಲ್ಲಿ ಮುಳುಗಿದ್ದ ಮನುಷ್ಯನಿಗೆ ಇದಕ್ಕಿಂತ ತಕ್ಕ ಆರಂಭ ಸಿಗುತ್ತಿರಲಿಲ್ಲವೇನೋ.

ತಂದೆಯ ಕಡೆಯವರು ಸಾಮಾನ್ಯರೇ?

ಅಲ್ಲ. ಇಂಗ್ಲೆಂಡಿನ ವಾಯುವ್ಯ ಭಾಗದಲ್ಲಿ, ಕೆಂಡಲ್ ಊರಿನ ಹತ್ತಿರವಿರುವ ಸೈಜರ್ ಕೋಟೆಮನೆ 1239ರಿಂದ ಸ್ಟ್ರಿಕ್‌ಲ್ಯಾಂಡರ ವಾಸಸ್ಥಾನ. ಅದು ಅವರ ಕೈಗೆ ಬಂದದ್ದೂ ಒಂದು ಮದುವೆಯಿಂದಲೇ! ದೇಶವೆಲ್ಲ ಪ್ರಾಟೆಸ್ಟೆಂಟ್ ಆದಾಗಲೂ ಈ ವಂಶದವರು ಕ್ಯಾಥೊಲಿಕರಾಗಿಯೇ ಉಳಿದು, ಅದಕ್ಕಾಗಿ ಕಷ್ಟನಷ್ಟ ಅನುಭವಿಸಿದವರು. ಕಟ್ಟಾ ಕ್ಯಾಥೊಲಿಕ್ ದ್ವೀಪದ ಹೆಣ್ಣಿಗೆ ಇಂಗ್ಲಿಷ್ ವರ ಒಪ್ಪಿಗೆಯಾಗಲು ಈ ಹಿನ್ನೆಲೆ ಅನುಕೂಲವಾಗಿತ್ತು. ಕ್ಯಾಥೊಲಿಕ್ ನಂಬಿಕೆಗಾಗಿ ನಷ್ಟ ಉಂಡ ವಂಶದ ಕುಡಿಗೇ ಮುಂದೆ ಬಿಷಪ್ಪರ ಶಾಪ ತಟ್ಟಿದ್ದನ್ನು ನೆನೆದಾಗ ಈ ವಿವರಕ್ಕೆ ಇನ್ನಷ್ಟು ತೂಕ ಬರುತ್ತದೆ.

ಜೆರಾಲ್ಡ್ ಅಷ್ಟು ಬೇಗ ಮೇಲೇರಿದ್ದು ಹೇಗೆ?

ಎರಡು ಕಡೆಯ ವಾರಸುದಾರಿಕೆ ಮತ್ತು ಎರಡು ಕಡೆಯ ಭಾಷೆ. ಇಂಗ್ಲೆಂಡಿನ ಆಸ್ಕಟ್‌ನಲ್ಲೂ ರೋಮ್ ಬಳಿಯ ಮೊಂಡ್ರಗೋನೆಯಲ್ಲೂ ಓದಿ, ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿನಲ್ಲಿ ಕಾನೂನು ಕಲಿತರು. ಅಲ್ಲಿನ ಚರ್ಚಾಸಂಘವಾದ ಕೇಂಬ್ರಿಜ್ ಯೂನಿಯನ್ನಿನ ಅಧ್ಯಕ್ಷರೂ ಆದರು. ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ, ಇಟಾಲಿಯನ್ ಪರ ನಾಯಕ ಫೊರ್ತುನಾತೊ ಮಿಝ್ಝಿ ಅವರ ಜೊತೆಗೂಡಿ ಲಂಡನ್ನಿಗೆ ಹೋಗಿ ಮಾಲ್ಟಾಕ್ಕೆ ಹೊಸ ಸಂವಿಧಾನ ಬೇಕೆಂದು ವಾದಿಸಿದರು. ಅದರ ಫಲ 1887ರ ಸಂವಿಧಾನ. ಇಪ್ಪತ್ತು ಮಂದಿಯ ಆಡಳಿತ ಮಂಡಳಿಯಲ್ಲಿ ಹದಿನಾಲ್ಕು ಮಂದಿ ಚುನಾಯಿತರಾಗಿರಬೇಕೆಂದು ಅದು ವಿಧಿಸಿತು.

ಆ ಬಳಿಕ ಇಬ್ಬರ ದಾರಿಗಳೂ ಬೇರೆಯಾದವು. 1889ರಲ್ಲಿ ಸ್ಟ್ರಿಕ್‌ಲ್ಯಾಂಡ್ ಸರ್ಕಾರದ ಮುಖ್ಯ ಕಾರ್ಯದರ್ಶಿಯಾಗಿ ಗವರ್ನರರ ಬಲಗೈ ಎನಿಸಿದರು. ಜನಪ್ರತಿನಿಧಿಗಳ ಅಧಿಕಾರಕ್ಕಾಗಿ ವಾದಿಸಿದ್ದ ಯುವಕನೇ ಈಗ ಆ ಪ್ರತಿನಿಧಿಗಳನ್ನು ಎದುರಿಸಿ ನಿಂತ ಅಧಿಕಾರಿ. ಮಿಝ್ಝಿಯ ಅನುಯಾಯಿಗಳು ಇದನ್ನು ಎಂದಿಗೂ ಮರೆಯಲಿಲ್ಲ. ಅಧಿಕಾರದ ರುಚಿ ಹತ್ತಿದ ಮೇಲೆ ತತ್ವ ಜಾರಿತೆಂದು ಹೇಳುವುದು ಸುಲಭ. ಆದರೆ ಬ್ರಿಟಿಷ್ ಸಾಮ್ರಾಜ್ಯದೊಳಗೇ ಮಾಲ್ಟಾಕ್ಕೆ ಸಮಾನ ಸ್ಥಾನ ಬೇಕೆಂಬ ಅವರ ನಿಲುವು ಮೊದಲಿನಿಂದ ಕೊನೆಯವರೆಗೂ ಬದಲಾಗಲಿಲ್ಲ ಎಂಬುದನ್ನೂ ಒಪ್ಪಬೇಕು.

1890ರಲ್ಲಿ ಅವರು ಏಳನೆಯ ಅರ್ಲ್ ಡೆ ಲಾ ವಾರ್ ಅವರ ಮಗಳು ಲೇಡಿ ಎಡಿಲೀನ್ ಸ್ಯಾಕ್‌ವಿಲ್ ಅವರನ್ನು ಮದುವೆಯಾದರು. ಗ್ರೆಕ್ ಅವರ ಮಗಳು ಮಹಲು ತಂದಿದ್ದಳು, ಲೂಯಿಸಾ ಪದವಿ ತಂದಿದ್ದರು, ಎಡಿಲೀನ್ ಇಂಗ್ಲೆಂಡಿನ ಆಳುವ ವರ್ಗದ ನಂಟನ್ನು ತಂದರು.

ಅವರು ಆಸ್ಟ್ರೇಲಿಯಾದಲ್ಲಿ ಗವರ್ನರ್ ಆಗಿದ್ದರೆಂಬುದು ನಿಜವೇ?

ನಿಜ. 1902ರಿಂದ ಕೆರಿಬಿಯನ್ ಸಮುದ್ರದ ಲೀವರ್ಡ್ ದ್ವೀಪಗಳು, 1904ರಿಂದ ಟ್ಯಾಸ್ಮೇನಿಯಾ, 1909ರಿಂದ ಪಶ್ಚಿಮ ಆಸ್ಟ್ರೇಲಿಯಾ, 1913ರಿಂದ 1917ರವರೆಗೆ ನ್ಯೂ ಸೌತ್ ವೇಲ್ಸ್. ಕೊನೆಯ ಹುದ್ದೆ ಜಗಳದಲ್ಲಿ ಮುಗಿಯಿತು. ಮಹಾಯುದ್ಧದ ನೆಪದಲ್ಲಿ ಶಾಸನಸಭೆಯ ಅವಧಿಯನ್ನು ವಿಸ್ತರಿಸಲು ಪ್ರೀಮಿಯರ್, ಎಂದರೆ ಆ ರಾಜ್ಯದ ಮುಖ್ಯಮಂತ್ರಿ, ಹೋಲ್ಮನ್ ಹೊರಟಾಗ ಗವರ್ನರ್ ಅಡ್ಡಿಪಡಿಸಿದರು. ಹೋಲ್ಮನ್ ಲಂಡನ್ನಿಗೆ ದೂರಿತ್ತರು. ಗವರ್ನರರನ್ನು ವಾಪಸು ಕರೆಸಿಕೊಳ್ಳಲಾಯಿತು. ಕಾನೂನಿನ ಅಂಶ ಅವರ ಕಡೆಗೇ ಇದ್ದಿರಬಹುದು. ಆದರೆ ಸರಿಯಾದ ಮಾತನ್ನು ಎದುರಾಳಿ ಸಹಿಸಲಾಗದ ರೀತಿಯಲ್ಲಿ ಹೇಳುವುದು ಅವರ ಹುಟ್ಟುಗುಣ.

ಏಕಕಾಲಕ್ಕೆ ಎರಡು ದೇಶಗಳ ಸಂಸತ್ತಿನಲ್ಲಿ ಕೂತಿದ್ದರಂತೆ?

ಹೌದು. 1921ರಲ್ಲಿ ಮಾಲ್ಟಾಕ್ಕೆ ಸ್ವಯಮಾಡಳಿತ ಬಂದಾಗ ಅವರು ಆಂಗ್ಲೊ ಮಾಲ್ಟೀಸ್ ಪಕ್ಷ ಕಟ್ಟಿದರು. ಅದು ಔಗುಸ್ತೊ ಬಾರ್ತೊಲೊ ಅವರ ಪಕ್ಷದೊಂದಿಗೆ ಸೇರಿ ಕಾನ್‌ಸ್ಟಿಟ್ಯೂಷನಲ್ ಪಕ್ಷವಾಯಿತು. ಮಾಲ್ಟಾದ ಶಾಸನಸಭೆಯಲ್ಲಿ ವಿರೋಧ ಪಕ್ಷದ ನಾಯಕರಾಗಿರುವಾಗಲೇ, 1924ರಲ್ಲಿ ಇಂಗ್ಲೆಂಡಿನ ಲ್ಯಾಂಕಾಸ್ಟರ್ ಕ್ಷೇತ್ರದಿಂದ ಹೌಸ್ ಆಫ್ ಕಾಮನ್ಸ್‌ಗೂ ಆಯ್ಕೆಯಾದರು. 1928ರಲ್ಲಿ ಬ್ರಿಟನ್ನಿನ ಬ್ಯಾರನ್ ಪದವಿ ಬಂದು ಕಾಮನ್ಸ್ ಬಿಟ್ಟು ಲಾರ್ಡ್ಸ್ ಸಭೆಗೆ ಹೋದರು. ಅಷ್ಟು ಹೊತ್ತಿಗೆ ಅವರು ಮಾಲ್ಟಾದ ಪ್ರಧಾನಿ. 1927ರ ಚುನಾವಣೆಯಲ್ಲಿ ಲೇಬರ್ ಪಕ್ಷದೊಡನೆ ಮಾಡಿಕೊಂಡ ಒಪ್ಪಂದದ ಬಲದಿಂದ ಅಧಿಕಾರ ಹಿಡಿದಿದ್ದರು. ಕೌಂಟ್, ಬ್ಯಾರನ್, ಸರ್ ಎಲ್ಲವೂ ಆಗಿದ್ದವರು ಹಡಗುಕಟ್ಟೆಯ ಕಾರ್ಮಿಕರ ಪಕ್ಷದೊಡನೆ ಕೈಜೋಡಿಸಿದ್ದು ವಿಚಿತ್ರವಾಗಿ ತೋರಬಹುದು. ಕಾರಣ ಭಾಷೆ. ವಕೀಲರು, ಪಾದ್ರಿಗಳು ಮತ್ತು ಹಳೆಯ ಮನೆತನಗಳಲ್ಲಿ ಅನೇಕರು ಇಟಾಲಿಯನ್ ಭಾಷೆಯನ್ನು ನ್ಯಾಯಾಲಯದಲ್ಲೂ ಶಾಲೆಯಲ್ಲೂ ಉಳಿಸಬೇಕೆನ್ನುತ್ತಿದ್ದರು. ಸ್ಟ್ರಿಕ್‌ಲ್ಯಾಂಡ್ ಇಂಗ್ಲಿಷ್ ಮತ್ತು ಜನರ ಆಡುಮಾತಾದ ಮಾಲ್ಟೀಸ್ ಪರ ನಿಂತರು. ಆಡುಮಾತಿನ ಪರ ನಿಂತವರಿಗೆ ಕಾರ್ಮಿಕರ ಬೆಂಬಲ ಸಿಕ್ಕಿತು. 1934ರಲ್ಲಿ ಮಾಲ್ಟೀಸ್ ಭಾಷೆಗೆ ಇಂಗ್ಲಿಷಿನ ಜೊತೆಗೆ ಅಧಿಕೃತ ಸ್ಥಾನ ದೊರೆತು ಇಟಾಲಿಯನ್ ಹಿಂದೆ ಸರಿಯಿತು.

ಅವರಿಗೆ ಮತ ಹಾಕುವುದು ಪಾಪವೆಂದು ಚರ್ಚ್ ಸಾರಿದ್ದು ಏಕೆ?

ಅತಿ ಹೆಚ್ಚು ಕೇಳಿಬರುವ ಪ್ರಶ್ನೆ ಇದು, ಉತ್ತರವೂ ಅಷ್ಟೇ ಉದ್ದ. 1921ರ ಸಂವಿಧಾನದ ಮೇಲ್ಮನೆಯಲ್ಲಿ ಹದಿನೇಳು ಮಂದಿ. ಅವರಲ್ಲಿ ಪಾದ್ರಿವರ್ಗ, ಕುಲೀನರು, ಪದವೀಧರರು, ವರ್ತಕರು ಮತ್ತು ಕಾರ್ಮಿಕ ಸಂಘಗಳಿಗೆ ತಲಾ ಎರಡು ಸ್ಥಾನ, ಉಳಿದ ಏಳು ಚುನಾವಣೆಯಿಂದ. ಸ್ಟ್ರಿಕ್‌ಲ್ಯಾಂಡರ ಮಸೂದೆಗಳು ಕೆಳಮನೆಯಲ್ಲಿ ಗೆದ್ದು ಮೇಲ್ಮನೆಯಲ್ಲಿ ಬೀಳುತ್ತಿದ್ದವು, ಮತ್ತು ಅಲ್ಲಿ ಪಾದ್ರಿಗಳ ಮತ ನಿರ್ಣಾಯಕವಾಗಿತ್ತು. ಪ್ರಧಾನಿ ಪಾದ್ರಿಗಳ ರಾಜಕೀಯವನ್ನು ಬಹಿರಂಗವಾಗಿ ಟೀಕಿಸತೊಡಗಿದರು. ಅಷ್ಟರಲ್ಲಿ ಇನ್ನೊಂದು ಪ್ರಸಂಗ ಎದ್ದಿತು. ಕಾರ್ತಾ ಎಂಬ ಇಟಾಲಿಯನ್ ಫ್ರಾನ್ಸಿಸ್ಕನ್ ಮೇಲಧಿಕಾರಿ, ಮಿಕಲ್ಲೆಫ್ ಎಂಬ ಮಾಲ್ಟೀಸ್ ಸನ್ಯಾಸಿಗೆ ದ್ವೀಪ ಬಿಟ್ಟು ಹೋಗುವಂತೆ ಆಜ್ಞಾಪಿಸಿದಾಗ, ಬ್ರಿಟಿಷ್ ಪ್ರಜೆಯನ್ನು ಅವನ ನಾಡಿನಿಂದ ಹೊರಗಟ್ಟಲು ವಿದೇಶಿಯನಿಗೆ ಅಧಿಕಾರವಿಲ್ಲವೆಂದು ಸ್ಟ್ರಿಕ್‌ಲ್ಯಾಂಡ್ ಪಟ್ಟುಹಿಡಿದರು. ಮಠದೊಳಗಿನ ಶಿಸ್ತಿನ ಪ್ರಶ್ನೆ ವ್ಯಾಟಿಕನ್ ಮತ್ತು ಲಂಡನ್ ನಡುವಿನ ಬಿಕ್ಕಟ್ಟಾಗಿ ಬೆಳೆಯಿತು.

1930ರ ಮೇ 1ರಂದು ಮಾಲ್ಟಾದ ಆರ್ಚ್‌ಬಿಷಪ್ ಮೌರೊ ಕರುವಾನಾ ಮತ್ತು ಗೋಝೊದ ಬಿಷಪ್ ಮಿಕೆಲೆ ಗೊಂಝಿ ಜಂಟಿ ಪತ್ರ ಹೊರಡಿಸಿದರು. ಲಾರ್ಡ್ ಸ್ಟ್ರಿಕ್‌ಲ್ಯಾಂಡ್ ಅವರಿಗೂ, ಅವರ ಅಭ್ಯರ್ಥಿಗಳಿಗೂ, ಅವರನ್ನು ಬೆಂಬಲಿಸಿದ ಇತರ ಪಕ್ಷದವರಿಗೂ ಮತ ಹಾಕುವುದು ಘೋರ ಪಾಪ ಎಂಬುದು ಅದರ ಸಾರ. ಭಾನುವಾರ ಇಡೀ ಊರು ಇಗರ್ಜಿಯಲ್ಲಿ ಸೇರುವ, ಸಂಸ್ಕಾರವಿಲ್ಲದೆ ಸಾಯುವುದನ್ನು ನೆನೆದರೇ ನಡುಗುವ ಸಮಾಜದಲ್ಲಿ ಇದು ಬರೀ ಮಾತಲ್ಲ. ಮತಪತ್ರ ಕೈಯಲ್ಲಿ ಹಿಡಿದವನು ತನ್ನ ಆತ್ಮವನ್ನೇ ಒತ್ತೆಯಿಟ್ಟಂತೆ. ಇಂಥ ಸ್ಥಿತಿಯಲ್ಲಿ ಮುಕ್ತ ಚುನಾವಣೆ ಸಾಧ್ಯವಿಲ್ಲವೆಂದು ಬ್ರಿಟಿಷರು ಚುನಾವಣೆಯನ್ನು ನಿಲ್ಲಿಸಿ ಸಂವಿಧಾನವನ್ನು ಅಮಾನತಿನಲ್ಲಿಟ್ಟರು. 1932ರಲ್ಲಿ ಸ್ಟ್ರಿಕ್‌ಲ್ಯಾಂಡ್ ಕ್ಷಮೆ ಕೋರಿದ ಮೇಲೆ ನಿರ್ಬಂಧ ಸಡಿಲವಾಯಿತು. ಆದರೆ ಆ ವರ್ಷದ ಚುನಾವಣೆಯಲ್ಲಿ ಗೆದ್ದವರು ಇಟಾಲಿಯನ್ ಪರವಾದ ನ್ಯಾಷನಲಿಸ್ಟ್ ಪಕ್ಷದವರು.

ಈ ಮಿಕೆಲೆ ಗೊಂಝಿ 1921ರಲ್ಲಿ ಲೇಬರ್ ಪಕ್ಷದ ಸೆನೆಟರ್ ಆಗಿದ್ದವರು, ಮುಂದೆ ಆರ್ಚ್‌ಬಿಷಪ್ ಆಗಿ 1961ರಲ್ಲಿ ಅದೇ ಲೇಬರ್ ಪಕ್ಷದ ನಾಯಕರ ಮೇಲೆ ಇಂಥದೇ ಬಹಿಷ್ಕಾರ ಹಾಕಿದವರು. ಮಾಲ್ಟಾದ ರಾಜಕೀಯದಲ್ಲಿ ನೆನಪುಗಳು ಏಕೆ ಅಷ್ಟು ಉದ್ದ ಎಂಬುದು ಇಂಥ ಜೀವನಗಳಿಂದ ತಿಳಿಯುತ್ತದೆ.

ಅವರ ಮೇಲೆ ಗುಂಡು ಹಾರಿದ್ದು ಯಾವಾಗ?

ಆ ಪತ್ರ ಹೊರಟ ಮೂರು ವಾರಕ್ಕೆ, 1930ರ ಮೇ 23ರಂದು. ಮಾರನೆಯ ದಿನ ಅವರಿಗೆ ಅರವತ್ತೊಂಬತ್ತು ತುಂಬುವುದಿತ್ತು. ವಲ್ಲೆಟ್ಟಾದ ನ್ಯಾಯಾಲಯದ ಕಟ್ಟಡದಲ್ಲಿ ಜಾನ್ನಿ ಮಿಲ್ಲರ್ ಎಂಬಾತ ಪಿಸ್ತೂಲಿನಿಂದ ಮೂರು ಗುಂಡು ಹಾರಿಸಿದ, ಒಂದೂ ತಗಲಲಿಲ್ಲ.

‘ಟೈಮ್ಸ್ ಆಫ್ ಮಾಲ್ಟಾ’ ಪತ್ರಿಕೆಯನ್ನು ಕಟ್ಟಿದವರು ಜೆರಾಲ್ಡರೋ ಅವರ ಮಗಳೋ?

ಆರಂಭಿಸಿದವರು ತಂದೆ, ನೆಲೆಗೊಳಿಸಿದವರು ಮಗಳು, ಹಣದ ಬೆನ್ನೆಲುಬಾದವರು ಎರಡನೆಯ ಹೆಂಡತಿ. ಎಡಿಲೀನ್ 1918ರಲ್ಲಿ ತೀರಿಕೊಂಡ ಮೇಲೆ, 1926ರಲ್ಲಿ ಜೆರಾಲ್ಡ್ ಮದುವೆಯಾದ ಮಾರ್ಗರೆಟ್ ಹಲ್ಟನ್ ಇಂಗ್ಲೆಂಡಿನ ಪತ್ರಿಕೋದ್ಯಮಿ ಎಡ್ವರ್ಡ್ ಹಲ್ಟನ್ ಅವರ ಮಗಳು. ಪಕ್ಷದ ಮುದ್ರಣಾಲಯದಿಂದ ಹೊರಡುತ್ತಿದ್ದ ಮಾಲ್ಟೀಸ್ ಪತ್ರಿಕೆಗಳಲ್ಲಿ 1932ರ ‘ಇಲ್-ಬೆರ್‌ಆ’ ಹೆಸರಾದದ್ದು. ಆ ಪದಕ್ಕೆ ಮಿಂಚು ಎಂದರ್ಥ. 1935ರ ಆಗಸ್ಟ್ 7ರಂದು ಇಂಗ್ಲಿಷ್ ದಿನಪತ್ರಿಕೆ ‘ಟೈಮ್ಸ್ ಆಫ್ ಮಾಲ್ಟಾ’ ಹೊರಬಂತು. ಸಂಪಾದಕಿಯ ಕುರ್ಚಿಯಲ್ಲಿ ಕೂತವರು ಜೆರಾಲ್ಡ್ ಅವರ ಮಗಳು, ಮೂವತ್ತಾರು ವರ್ಷದ ಮೇಬಲ್.

1940ರ ಜೂನ್‌ನಲ್ಲಿ ಇಟಲಿ ಯುದ್ಧ ಸಾರಿದ ಮರುದಿನವೇ ಮಾಲ್ಟಾದ ಮೇಲೆ ಬಾಂಬು ಬಿತ್ತು. ಅದೇ ವರ್ಷದ ಆಗಸ್ಟ್ 22ರಂದು ಜೆರಾಲ್ಡ್ ವಿಲ್ಲಾ ಬೊಲೊನ್ಯಾದಲ್ಲಿ ಕಣ್ಣುಮುಚ್ಚಿದರು. ಇಮ್ದಿನಾದ ಕಥೀಡ್ರಲ್ಲಿನ ನೆಲಮಾಳಿಗೆಯಲ್ಲಿ ಅವರ ಸಮಾಧಿಯಿದೆ. ಬಿಷಪ್ಪರು ಶಪಿಸಿದವರಿಗೆ ಕೊನೆಗೆ ಕಥೀಡ್ರಲ್ಲಿನೊಳಗೇ ಜಾಗ ಸಿಕ್ಕಿತು. ಅಲ್ಲಿಂದ ಮುಂದೆ ಎಲ್ಲ ಹೊಣೆ ಮೇಬಲ್ ಹೆಗಲಿಗೆ ಬಂತು. ವಲ್ಲೆಟ್ಟಾದ ಸೇಂಟ್ ಪಾಲ್ಸ್ ಬೀದಿಯಲ್ಲಿದ್ದ ಪತ್ರಿಕೆಯ ಕಟ್ಟಡ ಸ್ಟ್ರಿಕ್‌ಲ್ಯಾಂಡ್ ಹೌಸ್ ಮೇಲೆಯೇ ಬಾಂಬು ಬಿದ್ದಿತು. ಕಾಗದ ಸಾಲದು, ವಿದ್ಯುತ್ತಿಗೆ ಭರವಸೆಯಿಲ್ಲ, ಊರಿನ ಜನ ಬಂಡೆ ಕೊರೆದ ಸುರಂಗಗಳಲ್ಲಿ ಮಲಗುತ್ತಿದ್ದಾರೆ, ಊಟ ಅಳತೆಯ ಮೇಲೆ. ಹಾಳೆಯ ಗಾತ್ರ ಕುಗ್ಗಿತು, ಪುಟಗಳು ಕಡಿಮೆಯಾದವು, ಆದರೆ ಯುದ್ಧದುದ್ದಕ್ಕೂ ಒಂದೇ ಒಂದು ಸಂಚಿಕೆಯೂ ತಪ್ಪಲಿಲ್ಲ. 1942ರ ಏಪ್ರಿಲ್ 15ರಂದು ಬ್ರಿಟನ್ನಿನ ದೊರೆ ಇಡೀ ದ್ವೀಪಕ್ಕೆ ಜಾರ್ಜ್ ಕ್ರಾಸ್ ಪದಕ ಕೊಟ್ಟ ಸುದ್ದಿಯನ್ನು ಜನ ಓದಿದ್ದೂ ಇಂಥ ತೆಳ್ಳನೆಯ ಹಾಳೆಗಳಲ್ಲಿ.

ಮೇಬಲ್ ರಾಜಕೀಯದಲ್ಲಿ ಯಶಸ್ವಿಯಾದರೇ?

ಪತ್ರಿಕೆಯಲ್ಲಿ ಗಳಿಸಿದಷ್ಟು ಅಲ್ಲಿ ಗಳಿಸಲಿಲ್ಲ. ತಂದೆಯ ಪಕ್ಷದಲ್ಲಿ ದಶಕಗಳ ಕಾಲ ಸಹಾಯಕ ಕಾರ್ಯದರ್ಶಿಯಾಗಿದ್ದು, 1950ರ ದಶಕದ ಆರಂಭದಲ್ಲಿ ಅದರಿಂದ ಬೇರೆಯಾಗಿ ಪ್ರೋಗ್ರೆಸಿವ್ ಕಾನ್‌ಸ್ಟಿಟ್ಯೂಷನಲಿಸ್ಟ್ ಪಕ್ಷ ಕಟ್ಟಿದರು. ಮಾಲ್ಟಾವನ್ನು ಬ್ರಿಟನ್ನಿನಲ್ಲೇ ವಿಲೀನಗೊಳಿಸುವ ಲೇಬರ್ ನಾಯಕ ಡೊಮ್ ಮಿಂಟೊಫ್ ಅವರ ಯೋಜನೆಯನ್ನು ಅವರು ವಿರೋಧಿಸಿದರು. ಬ್ರಿಟಿಷ್ ಪರವಾದಿಯೆಂದೇ ಹೆಸರಾದ ಮನೆತನದ ಮಗಳು ವಿಲೀನವನ್ನು ಒಪ್ಪಲಿಲ್ಲ ಎಂಬ ಸಂಗತಿ, ಅವರ ತಂದೆಯ ನಿಲುವನ್ನು ತಿಳಿಯಲೂ ಸಹಾಯಕ: ನಂಟು ಬೇಕು, ಕರಗಿಹೋಗುವುದು ಬೇಡ. 1962ರಲ್ಲಿ ಅವರ ಪಕ್ಷದಿಂದ ಗೆದ್ದವರು ಅವರೊಬ್ಬರೇ.

1979ರ ಅಕ್ಟೋಬರ್ 15ರಂದು, ಪ್ರಧಾನಿ ಮಿಂಟೊಫ್ ಅವರ ಮೇಲೆ ಹಲ್ಲೆಯ ಯತ್ನವಾಯಿತೆಂಬ ಸುದ್ದಿ ಹಬ್ಬಿ, ಗುಂಪೊಂದು ಪತ್ರಿಕೆಯ ಕಟ್ಟಡಕ್ಕೆ ಬೆಂಕಿಯಿಟ್ಟಿತು. ಮಾಲ್ಟಾದವರು ಅದನ್ನು ‘ಕಪ್ಪು ಸೋಮವಾರ’ ಎನ್ನುತ್ತಾರೆ. ಹಿಟ್ಲರನ ಬಾಂಬುಗಳಿಗೆ ಬಗ್ಗದ ಮುದ್ರಣಾಲಯ ಊರವರ ಕೈಯಲ್ಲೇ ಸುಟ್ಟುಹೋಯಿತು, ಆದರೂ ಮರುದಿನದ ಪತ್ರಿಕೆ ಬೇರೆಡೆ ಅಚ್ಚಾಗಿ ಹೊರಬಂತು. ಆಗ ಮೇಬಲ್ ಅವರಿಗೆ ಎಂಬತ್ತು. ಮದುವೆಯಾಗದೆ ಉಳಿದ ಅವರು 1988ರ ನವೆಂಬರ್‌ನಲ್ಲಿ ತೀರಿಕೊಂಡರು.

ಮಾರ್ಗರೆಟ್ ಅವರ ಹೆಸರು ಬೇರೆಲ್ಲಿ ಉಳಿದಿದೆ?

ಎರಡು ಕಡೆ. ಕೊತ್ತೊನೇರಾದಲ್ಲಿ 1929ರಲ್ಲಿ ಆರಂಭವಾದ ಸೇಂಟ್ ಎಡ್ವರ್ಡ್ಸ್ ಕಾಲೇಜು ಅವರ ಹಣದಿಂದ ಹುಟ್ಟಿದ್ದು. ವಲ್ಲೆಟ್ಟಾದ ಹೆಬ್ಬಾಗಿಲ ಹೊರಗಿನ ಫಿನೀಷಿಯಾ ಹೋಟೆಲ್ ಕೂಡ ಅವರ ಯೋಜನೆ. ಯುದ್ಧದಿಂದ ತಡವಾಗಿ 1947ರಲ್ಲಿ ತೆರೆಯಿತು.

ಗಂಡುಮಕ್ಕಳಿರಲಿಲ್ಲವೇ? ಪದವಿ ಈಗ ಯಾರ ಬಳಿ ಹೋಯಿತು?

ಜೆರಾಲ್ಡ್ ಅವರ ಗಂಡುಮಕ್ಕಳು ಎಳೆಯ ವಯಸ್ಸಿನಲ್ಲೇ ತೀರಿಕೊಂಡಿದ್ದರು. ಬೆಳೆದು ನಿಂತವರು ಹೆಣ್ಣುಮಕ್ಕಳು. ಬ್ರಿಟಿಷ್ ಬ್ಯಾರನ್ ಪದವಿ ಗಂಡು ಸಂತತಿಗಷ್ಟೇ ಸಲ್ಲುವಂಥದ್ದಾದ್ದರಿಂದ 1940ರಲ್ಲಿ ಅವರೊಂದಿಗೇ ಮುಗಿಯಿತು. ಮಾಲ್ಟಾದ ಕಾತೇನಾ ಪದವಿ ಹೆಣ್ಣಿನ ಮೂಲಕವೂ ಹರಿಯಬಲ್ಲದ್ದಾಗಿದ್ದುದರಿಂದ ಉಳಿಯಿತು: ಹಿರಿಯ ಮಗಳು ಮೇರಿ ಅವರ ಮಗ ಥಾಮಸ್ ಹಾರ್ನಿಯೋಲ್ಡ್ ಸ್ಟ್ರಿಕ್‌ಲ್ಯಾಂಡ್ ಏಳನೆಯ ಕೌಂಟ್ ಆದರು. ಸೈಜರ್ ಕೋಟೆಮನೆಯೂ ಆ ಶಾಖೆಗೇ ಬಂತು. 1950ರಲ್ಲಿ ಅದನ್ನು, ಹಳೆಯ ಮನೆ ಕೋಟೆಗಳನ್ನು ಕಾಪಾಡುವ ಬ್ರಿಟನ್ನಿನ ಸಂಸ್ಥೆ ನ್ಯಾಷನಲ್ ಟ್ರಸ್ಟಿಗೆ ಒಪ್ಪಿಸಲಾಯಿತು.

ಮಾಲ್ಟಾದ ಕಾನೂನು ಈ ಪದವಿಯನ್ನು ಇಂದು ಒಪ್ಪುತ್ತದೆಯೇ?

ಒಪ್ಪುವುದಿಲ್ಲ. 1975ರ ‘ಜೀಹ್ ಇರ್-ರೆಪುಬ್ಲಿಕಾ’ ಶಾಸನದ ಪ್ರಕಾರ ಸರ್ಕಾರವಾಗಲಿ ಅಧಿಕಾರಿಗಳಾಗಲಿ ಕುಲೀನ ಪದವಿಗಳನ್ನು ಮಾನ್ಯಮಾಡುವಂತಿಲ್ಲ. ಮನೆತನದವರು, ಕುಲೀನರ ಸಮಿತಿಯವರು ತಮ್ಮ ನಡುವೆ ಬಳಸಿಕೊಳ್ಳುವುದಕ್ಕೆ ಅಡ್ಡಿಯೇನಿಲ್ಲ.

ವಿಲ್ಲಾ ಬೊಲೊನ್ಯಾವನ್ನು ಇಂದು ನೋಡಬಹುದೇ?

ತೋಟವನ್ನು ನೋಡಬಹುದು. ಮಹಲು ಜೆರಾಲ್ಡ್ ಅವರ ಇನ್ನೊಬ್ಬ ಮಗಳು ಸಿಸಿಲಿಯಾ ಅವರ ಮೂಲಕ ಡೆ ಟ್ರಾಫರ್ಡ್ ಶಾಖೆಗೆ ಬಂದು, ಇಂದಿಗೂ ಖಾಸಗಿ ಮನೆಯಾಗಿಯೇ ಇದೆ. ಹದಿನೆಂಟನೆಯ ಶತಮಾನದ ಬರೋಕ್ ತೋಟದ ಜೊತೆಗೆ ಸ್ಟ್ರಿಕ್‌ಲ್ಯಾಂಡರ ಕಾಲದಲ್ಲಿ ವಿಸ್ತರಿಸಿದ ಭಾಗವಿದೆ. ಅಲ್ಲಿ ಡಾಲ್ಫಿನ್ ಶಿಲ್ಪಗಳ ಕೊಳ, ಕಿತ್ತಳೆ ಮರಗಳು, ನೆಲದಡಿಯಲ್ಲಿ ಯುದ್ಧಕಾಲದ ಆಶ್ರಯತಾಣ. ಹಳೆಯ ಕುದುರೆಲಾಯದ ಅಂಗಳದಲ್ಲಿ ಕುಂಬಾರಿಕೆಯ ಕಾರ್ಖಾನೆ ನಡೆದುಬಂದಿದೆ. ಕೌಂಟರ ಲಾಯದಲ್ಲಿ ಈಗ ಬಣ್ಣ ಬಳಿದ ತಟ್ಟೆ, ಬೋಗುಣಿಗಳು ಒಣಗುತ್ತಿರುತ್ತವೆ.